ಗಾಲಿಮನೆಯ ಗೋಕರ್ಣಯಾತ್ರೆ

ಸದ್ಭಕ್ತರೇ, ಕೈಯ ಕೆಲಸವನ್ನು ಅತ್ತ ಇಟ್ಟು ಕಿವಿಯನ್ನು ಇತ್ತ ಕೊಡಿ. ಗೃಹಸ್ಥನಿಗೆ ಹೆಂಡತಿಯನ್ನು ಕರುಣಿಸಿದ ಶಿವನು ಉಪದೇಶಕ್ಕೆಂದು ಬೇರೆ ಗುರುಗಳನ್ನೂ ಏಕೆ ಕಳಿಸುತ್ತಾನೋ ತಿಳಿಯದು. ಕಿಬ್ಬನಹಳ್ಳಿಯ ಕೊಬ್ಬರಿ ವರ್ತಕ ಏಕಾಂತಯ್ಯನವರಿಗಂತೂ ಒಬ್ಬರೇ ಸಾಕಾದರು.

ಏಕಾಂತಯ್ಯನವರ ಎದೆಯಲ್ಲಿ ಮದುವೆಯಾದಂದಿನಿಂದ ಒಂದು ಸಮುದ್ರವಿತ್ತು. ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಮಾಡಿ, ಸಂಜೆ ಮರಳಿನ ಮೇಲೆ ಧರ್ಮಪತ್ನಿ ಗುರುಶಾಂತಮ್ಮನವರ ಪಕ್ಕದಲ್ಲಿ ಕೂರಬೇಕು. (ಕೈ ಹಿಡಿಯುವ ಆಲೋಚನೆಯೂ ಇತ್ತು; ಅದನ್ನು ಅವರು ತಮ್ಮ ಇಷ್ಟಲಿಂಗಕ್ಕೂ ನಿವೇದಿಸಿರಲಿಲ್ಲ.) ತೋಟದಲ್ಲಿ ಗಾಳಿಗೆ ಗರಿಗಳು ಮೊರೆದರೆ ಸಾಕು, ವ್ಯಾಪಾರದ ಮಾತನ್ನು ಅರ್ಧಕ್ಕೆ ಬಿಟ್ಟು ಕಣ್ಣು ಮುಚ್ಚುವರು.

"ಹೋಗಾಣ ಕಣೇ" ಎಂದಾಗಲೆಲ್ಲ ಆಕೆಯದು ಒಂದೇ ಉತ್ತರ: "ನಿಮಗೆ ಹೋಟ್ಲು ಅನ್ನ ಆಗಾಕಿಲ್ಲ, ತಂಗಳು ಆಗಾಕಿಲ್ಲ, ಕಂಡೋರ ಮನೆ ನೀರೂ ಆಗಾಕಿಲ್ಲ. ಒಲೆ ಬುಟ್ಟು ಎಲ್ಲಿಗ್ರೀ ಬರ್ಲಿ?"

ಇದಕ್ಕೆ ಯಜಮಾನರು ಕಂಡ ಮಹಾಪರಿಹಾರವೇ ಗಾಲಿಮನೆ. ಎಂಬತ್ತೊಂದನೆಯ ಇಸವಿಯಲ್ಲಿ ಹಳೆಯ ವ್ಯಾನೊಂದನ್ನು ಕೊಂಡು, ಅದರ ಉದರದಲ್ಲಿ ಸೀಮೆಎಣ್ಣೆ ಸ್ಟೌ, ನೀರಿನ ಡ್ರಮ್ಮು, ಮಂಚ, ಪೂಜೆಯ ಗೂಡು, ಕಟ್ಟಕಡೆಗೆ ಒರಳುಕಲ್ಲನ್ನೂ ಪ್ರತಿಷ್ಠಾಪಿಸಿದರು. ಹಾರ್ನು, ಗಾಡಿ ಎಡಕ್ಕೆ ತಿರುಗಿದಾಗ ಮಾತ್ರ ಕೂಗುತ್ತಿತ್ತು. ಹಿಂಬಾಗಿಲು ಮುಚ್ಚಿಕೊಳ್ಳಲು ಒಪ್ಪದಿದ್ದಾಗ ಡ್ರೈವರ್ ಹುಚ್ಚಣ್ಣ ತೆಂಗಿನ ನಾರಿನ ಹಗ್ಗದಿಂದ ಬಿಗಿದ.

"ಬ್ರೇಕ್ ಆಯಿಲ್ ಕಮ್ಮಿ ಐತೆ ಯಜಮಾನ್ರೇ. ತಿಪಟೂರಿಂದ ಒಂದು ಡಬ್ಬ ತತ್ತೀನಿ" ಎಂದ.

"ಎಣ್ಣೆ ಸೀಮೇಲಿ ಹುಟ್ಟಿ ಎಣ್ಣೆ ತರಾಕೆ ಪೇಟೆಗೆ ಹೋಯ್ತೀಯೇನ್ಲಾ?" ಎಂದು ನಕ್ಕ ಏಕಾಂತಯ್ಯನವರು, ಸ್ವಂತ ಗಾಣದ ಕೊಬ್ಬರಿ ಎಣ್ಣೆಯನ್ನು ತಮ್ಮ ಅಮೃತಹಸ್ತದಿಂದಲೇ ಸುರಿದರು. ಆ ಮಧ್ಯಾಹ್ನದ ಬಿಸಿಲಿನಲ್ಲಿ ಬ್ರೇಕು ತುಳಿದು ನೋಡಿದರೆ ವ್ಯಾನು, ಗುರುವಿನ ಮುಂದೆ ಶಿಷ್ಯ ನಿಂತಂತೆ ನಿಂತಿತು.

ಹೊರಟದ್ದು ಪುಷ್ಯಮಾಸದ ನಡುಗುವ ಮುಂಜಾವಿನಲ್ಲಿ. ಯಜಮಾನರಿಗೆ ಬಿಸಿರೊಟ್ಟಿಯೇ ಆಗಬೇಕಾದ್ದರಿಂದ ಗುರುಶಾಂತಮ್ಮನವರು ಹಿಂದೆ ಹಿಟ್ಟಿನ ಪಾತ್ರೆ ಹಿಡಿದು ಕೂತಿದ್ದರು. ತಿಪಟೂರು ದಾಟಿ ಇಳಿಜಾರಿಗೆ ಬಂದಾಗ ಎದುರಿಗೆ ರೈಲ್ವೆ ಗೇಟು ಮುಚ್ಚಿತ್ತು. ಹುಚ್ಚಣ್ಣ ಬ್ರೇಕು ತುಳಿದ. ಪೆಡಲು ಬಂಡೆಯಂತೆ ಅಲುಗದೆ ನಿಂತಿತು; ವ್ಯಾನು ಮಾತ್ರ ನಿಲ್ಲಲಿಲ್ಲ.

"ಗಟ್ಟಿಯಾಗಿ ಹಿಡ್ಕಳಿ" ಎಂದವನೇ ಅವನು ರಸ್ತೆಯಂಚಿನ ತೆಂಗಿನ ಮಟ್ಟೆಯ ರಾಶಿಗೆ ಗಾಡಿಯನ್ನು ನುಗ್ಗಿಸಿದ. ಗಾಲಿಗಳು ಹೂತುಹೋಗಿ ಗಾಲಿಮನೆ ಬರಿಯ ಮನೆಯಾಯಿತು. ಒರಳುಕಲ್ಲೊಂದು ಮಾತ್ರ ಹಿಂಬಾಗಿಲನ್ನು ಕಿತ್ತುಕೊಂಡು, ತಾನೊಬ್ಬನೇ ಯಾತ್ರೆ ಪೂರೈಸುವೆನೆಂಬಂತೆ ರಸ್ತೆಗಿಳಿಯಿತು. ಅದರ ಹಿಂದೆ, ಡ್ರಮ್ಮಿನ ನೀರಿನಲ್ಲಿ ನೆಂದು, ಮುಖವೆಲ್ಲ ಹಿಟ್ಟಾಗಿ, ಗುರುಶಾಂತಮ್ಮನವರು ಇಳಿದರು.

ಹುಚ್ಚಣ್ಣ ಬ್ರೇಕಿನ ಎಣ್ಣೆಯ ಬುರುಡೆಗೆ ಬೆರಳಿಟ್ಟು ತೋರಿಸಿದ. ಬೆಣ್ಣೆಯಂತೆ ಬೆಳ್ಳಗಿತ್ತು. "ಚಳೀಗೆ ಹೆಪ್ಪುಗಟ್ಟೈತೆ. ಒಳಗಿನ ರಬ್ಬರೂ ಊದ್ಕಂಡಿರ್ತದೆ. ಹೊಸವು ಬೆಂಗ್ಳೂರಿಂದ್ಲೇ ಬರ್ಬೇಕು."

"ತಲೆಗೆ ಹಚ್ಚೋದನ್ನ ಗಾಡಿಗೆ ಹಾಕುದ್ರಾ?" ಎಂದರು ಗುರುಶಾಂತಮ್ಮನವರು.

"ಶುದ್ಧವಾದ ಎಣ್ಣೆ ಕಣೇ."

"ಹೂಂ, ಶುದ್ಧವಾಗೇ ಕೈಲಾಸಕ್ಕೆ ಹೋಯ್ತಿದ್ವಿ ಬುಡಿ."

ಆಗಲೇ ಗೇಟಿನ ಬಳಿ ಬಸ್ಸೊಂದು ಬಂದು ನಿಂತಿತು. ತುರುವೇಕೆರೆಯಿಂದ ಗೋಕರ್ಣಕ್ಕೆ ಹೊರಟ ಯಾತ್ರಿಕರದು. ಗುರುಶಾಂತಮ್ಮನವರ ತವರಿನ ಗೆಳತಿ ಸುವರ್ಣಮ್ಮ ಕಿಟಕಿಯಿಂದ ತಲೆ ಹಾಕಿ, "ಒಂದೇ ಒಂದು ಸೀಟು ಐತೆ. ಯಾರಾದ್ರೂ ಒಬ್ರು ಬನ್ನಿ" ಎಂದರು.

ಏಕಾಂತಯ್ಯನವರ ಎದೆಯ ಸಮುದ್ರ ಗಂಟಲಿಗೇರಿತು. ಆದರೆ ಆಕೆಯಿಲ್ಲದೆ ಕಂಡರೆ ಅದು ಬರಿಯ ಉಪ್ಪುನೀರಲ್ಲವೇ? ಆಕೆ ಎಂದಿನಂತೆ ಒಲ್ಲೆನೆನ್ನುವಳೆಂಬ ಪೂರ್ಣ ಭರವಸೆಯಿಂದ, ಮಹಾತ್ಯಾಗಿಯ ಧ್ವನಿಯಲ್ಲಿ, "ನೀನೇ ಹೋಗ್ಬಾ ಕಣೇ" ಎಂದರು.

ಗುರುಶಾಂತಮ್ಮನವರು ಸೆರಗಿನಿಂದ ಮುಖ ಒರೆಸಿಕೊಂಡರು. ಗಂಟು ತೆಗೆದುಕೊಂಡರು. ಬಸ್ಸು ಹತ್ತಿದರು.

"ನನ್ನ ಊಟ?" ಎಂಬ ಮಾತು ಯಜಮಾನರ ಬಾಯಿಂದ ಜಾರಿಹೋಯಿತು.

"ಒಲೆ ಐತೆ, ಅಕ್ಕಿ ಐತೆ. ಜೋಡ್ಸಿದೋರು ನೀವೇ ಅಲ್ವಾ?" ಎಂದ ಆಕೆ, ಆಮೇಲೆ ದನಿ ತಗ್ಗಿಸಿ, "ಇಷ್ಟು ವರ್ಷ ಅಡುಗೆಮನೇನೂ ಹೊತ್ಕಂಡು ಬಾ ಅಂತಿದ್ರಿ. ಹೋಗ್ಬಾ ಅಂದಿದ್ದು ಇವತ್ತೇ ಕಣ್ರೀ" ಎಂದರು. ಗೇಟು ತೆರೆಯಿತು.

ಹುಚ್ಚಣ್ಣ ರಬ್ಬರು ತರಲು ಬೆಂಗಳೂರಿಗೆ ಹೋದ ಮೇಲೆ, ಗಾಲಿಮನೆಯನ್ನು ಕಾಯುತ್ತ ಉಳಿದ ಏಕಾಂತಯ್ಯನವರು ಸ್ಟೌ ಹೊತ್ತಿಸಲು ಹೋಗಿ ಮೀಸೆಯ ಒಂದು ಪಕ್ಕವನ್ನು ಕಳೆದುಕೊಂಡರು. ಅನ್ನ ಕೆಳಗೆ ಕರಿಯಾಗಿ ಮೇಲೆ ಅಕ್ಕಿಯಾಗಿಯೇ ಉಳಿಯಿತು. ಮಾರನೆಯ ದಿನ ಗೇಟು ಕಾಯುವ ಮಾರಯ್ಯ ತನ್ನ ತಂಗಳು ಮುದ್ದೆಯಲ್ಲಿ ಅರ್ಧ ಮುರಿದುಕೊಟ್ಟಾಗ, ಎರಡೂ ಕೈಯೊಡ್ಡಿ ಪ್ರಸಾದದಂತೆ ಉಂಡರು. ಹೊಟ್ಟೆಗೆ ಏನೂ ಆಗಲಿಲ್ಲ. ಎದೆಗೇ ಏನೋ ಆಯಿತು: ಇಷ್ಟು ಸುಲಭವಿತ್ತೇ ಗೋಕರ್ಣ?

ಯಾತ್ರೆ ಮುಗಿಸಿದ ಬಸ್ಸು ಮರಳಿ ಗೇಟಿನ ಬಳಿ ನಿಂತಿತು; ಗುರುಶಾಂತಮ್ಮನವರು ಇಳಿದರು. "ಹೆಂಗಿತ್ತು?" ಎಂದು ಏಕಾಂತಯ್ಯನವರು ಕೇಳಿದರು.

"ನೋಡಿದಷ್ಟೂ ಮುಗಿಯಾಕಿಲ್ಲ. ಒಂದು ದೊಡ್ಡ ಅಲೆ ಬಂತು. ನೋಡ್ರೀ ಅಂತ ಪಕ್ಕಕ್ಕೆ ತಿರುಗಿದೆ. ಸುವರ್ಣಮ್ಮ ಇದ್ಲು."

ಏಕಾಂತಯ್ಯನವರು ಆಕೆಯ ಕೈಯಿಂದ ಗಂಟನ್ನು ಇಸಿದುಕೊಂಡರು.

"ಗೇಟು ಕಾಯೋ ಮಾರಯ್ಯನ ಮನೆ ಮುದ್ದೆ ಉಂಡೆ ಕಣೇ. ತಂಗಳು."

ಆಕೆ ಅವರ ಅರ್ಧ ಮೀಸೆಯನ್ನು ದಿಟ್ಟಿಸಿದರು. "ಅಂಗಾದ್ರೆ ಮುಂದಿನ ಸಲ ಬಸ್ಸಿಗೆ ಎರಡು ಸೀಟು ಹೇಳ್ತೀನಿ. ಮೀಸೆ ಬೆಳೀಲಿ."

ಆದ್ದರಿಂದ, ಬಂಧುಗಳೇ, ನೀವೂ ಹಾಗೆಯೇ ಮಾಡಿ. ಮೊದಲು ಕಂಡವರ ಮನೆಯ ತಂಗಳು ಮುದ್ದೆಯನ್ನು ಎರಡೂ ಕೈಯೊಡ್ಡಿ ಉಣ್ಣಿ. ಆಮೇಲೆ ಮನೆಯಾಕೆಯನ್ನು ಸಮುದ್ರಕ್ಕೆ ಕರೆಯಿರಿ.