ಕೆರೆಗಿಳಿದ ಡಬ್ಬ

"ನಾಳೆ ಸಂಜೆವರೆಗೂ ಫೋನಿಲ್ಲದೆ ಬದುಕಿ ತೋರಿಸ್ತೀನಿ. ನಾನಷ್ಟೇ ಅಲ್ಲ, ನಿಮ್ಮನ್ನೂ ಬದುಕಿಸ್ತೀನಿ!"

ಕೆರೆಯಂಚಿನ ಒಂಟಿ ಮನೆಯ ಜಗಲಿ ಮೇಲೆ ನಿಂತು ಅವಳು ಹೀಗೆ ಘೋಷಿಸಿದಾಗ ಕಪ್ಪೆಗಳೂ ಸುಮ್ಮನಾದವು. ಆಗದೆ ಏನು! ಕಾಲೇಜಿನ ಲೈಬ್ರರಿಯನ್ ಆಗಿ ವರ್ಷಗಟ್ಟಲೆ 'ಉಶ್' ಎಂದು ಪಳಗಿದ ಬಾಯಿ ಅದು. ಗೆಳತಿಯರಿಗೆ ಅವಳು ಉಶ್ಶಮ್ಮ.

ಓದುವ ದಿನಗಳಲ್ಲಿ ಮೂವರು ಗೆಳತಿಯರು ಪ್ರತಿ ಬೇಸಿಗೆಗೂ ಇಲ್ಲಿಗೆ ಬರುತ್ತಿದ್ದರು. ಜೊತೆಗೊಂದು ರೇಡಿಯೊ. ಗಾಳಿ ಬೀಸಿದರೆ ಹಾಡುತ್ತಿತ್ತು, ಇಲ್ಲದಿದ್ದರೆ ಗೊರಕೆ ಹೊಡೆಯುತ್ತಿತ್ತು. ಕೆರೆಯೊಳಗೆ ಚಾಚಿದ ಹಲಗೆಕಟ್ಟೆಯ ತುದಿಯಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕೂತರೆ ಮಾತು ಮುಗಿಯುವ ಮೊದಲು ಹಗಲೇ ಮುಗಿಯುತ್ತಿತ್ತು. ಹೋದ ವರ್ಷ ಬಂದಾಗ ಅದೇ ಕಟ್ಟೆಯ ಮೇಲೆ ಮೂರು ತಲೆಗಳು ಮೂರು ಫೋನುಗಳ ಮೇಲೆ ಬಾಗಿದ್ದವು. ಆ ಹಳೆಯ ಸಂಜೆಗಳಲ್ಲಿ ಒಂದಾದರೂ ವಾಪಸ್ಸು ಬೇಕು. ಉಶ್ಶಮ್ಮನ ಆಸೆ ಇಷ್ಟೆ.

"ಒಪ್ಪಲ್ಲ" ಎಂದಳು ಗೆಳತಿಯರಲ್ಲಿ ವಕೀಲೆಯಾದವಳು, ಉಶ್ಶಮ್ಮ ಮುಂದೆ ಹಿಡಿದ ಹಳೆಯ ಬಿಸ್ಕತ್ತಿನ ಡಬ್ಬ ನೋಡಿ. ಕಾಲೇಜಿನಿಂದಲೂ ಅವಳ ಹೆಸರು ತಕರಾರು.

"ಹಾಕೇ ಸುಮ್ನೆ, ಇಲ್ಲಾಂದ್ರೆ ಇವಳು ನಮ್ಮನ್ನೇ ಡಬ್ಬಕ್ಕೆ ಹಾಕ್ತಾಳೆ" ಎಂದಳು ಇನ್ನೊಬ್ಬಳು, ಹಲ್ಲಿನ ಡಾಕ್ಟರು, ಅಡ್ಡಹೆಸರು ಇಕ್ಕಳ.

ಕಾರು ಓಡಿಸಿಕೊಂಡು ಬಂದಿದ್ದ ಉಶ್ಶಮ್ಮನ ಗಂಡನೂ ಫೋನು ಒಪ್ಪಿಸಿದ. ನಾಲ್ಕೂ ಫೋನು ನಾಲ್ಕು ಕರವಸ್ತ್ರದಲ್ಲಿ ಸುತ್ತಿಕೊಂಡು ಆ ಡಬ್ಬ ಸೇರಿದವು. ಅಂಥದ್ದೇ ಇನ್ನೊಂದು ಡಬ್ಬದಲ್ಲಿ ಕಲ್ಲಂಗಡಿಯ ಹೋಳು. ಫ್ರಿಜ್ಜಿಲ್ಲದ ಈ ಮನೆಯಲ್ಲಿ ಅಂದಿನಿಂದಲೂ ಒಂದೇ ಪದ್ಧತಿ: ಹಣ್ಣಿನ ಡಬ್ಬಕ್ಕೆ ಹಗ್ಗ ಕಟ್ಟಿ ಕೆರೆಗೆ ಇಳಿಬಿಡುವುದು.

ಘೋಷಣೆಯಾಗಿ ಗಂಟೆ ಕಳೆದಿರಲಿಲ್ಲ, ಉಶ್ಶಮ್ಮನಿಗೆ ಮಗಳ ನೆನಪಾಯಿತು. ಮನೆಯಲ್ಲಿ ಒಬ್ಬಳೇ. ಗ್ಯಾಸು ಆರಿಸಿದಳೋ ಇಲ್ಲವೋ? ತಾಯಿಕರುಳು! ಕಳ್ಳಬೆಕ್ಕಿನಂತೆ ಒಳಗೆ ಹೋಗಿ, ತನ್ನ ಕರವಸ್ತ್ರದಲ್ಲಿ ಸೋಪಿನ ಪೆಟ್ಟಿಗೆ ಸುತ್ತಿಟ್ಟು, ಫೋನನ್ನು ಜೇಬಿಗಿಳಿಸಿದಳು. ಹೆಂಗಸರ ಉಡುಪಿಗೂ ಜೇಬು ಬೇಕೇಬೇಕೆಂದು ಟೈಲರ್ ಜೊತೆ ಜಗಳವಾಡಿ ಹೊಲಿಸಿಕೊಂಡ ಜೇಬು ಅದು. ಆನೆಮರಿ ಹಿಡಿಸುವಷ್ಟು ಆಳ!

ಆಮೇಲೆ 'ಡಬ್ಬ ಬಿಟ್ಟು ಬನ್ನಿ' ಎಂದು ಗಂಡನನ್ನು ಕೆರೆಗೆ ಕಳಿಸಿದಳು. ಮಧ್ಯಾಹ್ನದ ಊಟವಾದ ಮೇಲೆ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. "ಎಲ್ರೀ, ತಣ್ಣಗಿರೋ ಹಣ್ಣು ಎಳೀರಿ ಮೇಲೆ!" ಎಂದಳು ಉಶ್ಶಮ್ಮ ಗಂಡನಿಗೆ.

ಗಂಡ ಎಳೆದ. ಗಂಟು ಬಿಚ್ಚಿಕೊಂಡು ಬರೀ ಹಗ್ಗ ಬಂತು.

"ಹಣ್ಣು ತಾನೆ, ಹೋಗ್ಲಿ" ಎನ್ನುತ್ತ ಇಕ್ಕಳ ಒಳಗೆ ಹೋದವಳು ಡಬ್ಬವೊಂದನ್ನು ಹಿಡಿದು ಬಂದಳು. "ಹಣ್ಣು ಇಲ್ಲೇ ಇದೆಯಲ್ಲೇ! ಸೆಕೆಗೆ ಬೆಂದುಹೋಗಿದೆ."

ಉಶ್ಶಮ್ಮ ಗಂಡನ ಕಡೆ ತಿರುಗಿದಳು. "ಯಾವ ಡಬ್ಬ ಬಿಟ್ರಿ?"

"ಡಬ್ಬ ಬಿಟ್ಟು ಬನ್ನಿ ಅಂದೆ, ಬಿಟ್ಟು ಬಂದೆ. ಮುಚ್ಚಳ ತೆಗೆದು ಮಾತಾಡಿಸಿ ಬನ್ನಿ ಅಂತ ಹೇಳಿದ್ಯಾ?"

ಫೋನುಗಳು ಕೆರೆಯ ತಳದಲ್ಲಿ! ಈಗ ಆಕಾಶ ಕಳಚಿ ಬೀಳುತ್ತದೆಂದು ಅವಳು ಕಾದಳು. ಬೀಳಲಿಲ್ಲ.

"ಹೋದ್ರೆ ಹೋಯ್ತು ಬಿಡೇ" ಎಂದಳು ಇಕ್ಕಳ, ಮೋಡ ನೋಡುತ್ತ.

"ನಂದು ಹಳೇದು" ಎಂದ ಗಂಡ.

ಹುಟ್ಟಿದಾಗಿನಿಂದ ಯಾವುದಕ್ಕೂ ಹೂಂ ಎನ್ನದ ತಕರಾರು ಕೂಡ "ನನ್ನದೇನೂ ತಕರಾರಿಲ್ಲಪ್ಪ" ಎಂದುಬಿಟ್ಟಳು!

ಉಶ್ಶಮ್ಮ ಮೂವರನ್ನೂ ಕಣ್ತುಂಬ ನೋಡಿದಳು. ಎಂಥ ಜೀವಗಳು! ತನ್ನ ಒಂದು ಆಸೆಗಾಗಿ ಫೋನನ್ನೇ ಕೆರೆಗೆ ಧಾರೆಯೆರೆದು ನಗುತ್ತಿದ್ದಾರೆ. ಇವರ ನಡುವೆ ತಾನೊಬ್ಬಳೇ ಮೋಸಗಾತಿ.

"ನಾನು ತಂದುಕೊಡ್ತೀನಿ!" ಎಂದವಳೇ ಉಟ್ಟ ಬಟ್ಟೆಯಲ್ಲೇ ಧುಮುಕಿದಳು.

"ಲೇ, ಬೇಡ ಕಣೇ!" ತಕರಾರು ಕೂಗಿದಳು. "ಆ ಡಬ್ಬದಲ್ಲಿ ಅಂಥದ್ದೇನಿದೆ ಅಂತ!"

ನೀರು ಎದೆಮಟ್ಟ. ಕೆಸರು ಮೊಣಕಾಲುಮಟ್ಟ. ಮುಳುಗಿ, ಎದ್ದು, ಕೆಮ್ಮಿ, ಮತ್ತೆ ಮುಳುಗಿ, ತಲೆಯ ಮೇಲೊಂದು ಪಾಚಿಯ ಕಿರೀಟ ಧರಿಸಿ, ಕಡೆಗೂ ಡಬ್ಬವನ್ನು ಎತ್ತಿಹಿಡಿದಳು. ಯಾವ ಮಹಾರಾಣಿಯೂ ಅಷ್ಟು ಗತ್ತಿನಲ್ಲಿ ದಡ ಏರಿರಲಾರಳು!

ಮುಚ್ಚಳ ತೆಗೆದಳು. ಮೊದಲ ಕರವಸ್ತ್ರದಲ್ಲಿ ಸೋಪಿನ ಪೆಟ್ಟಿಗೆ, ಅದು ಅವಳದೇ. ಬೇಗನೆ ಮುಚ್ಚಿಟ್ಟಳು. ಎರಡನೆಯದರಲ್ಲಿ ಹಲ್ಲುಜ್ಜುವ ಪೇಸ್ಟು. ಮೂರನೆಯದರಲ್ಲಿ ಬಾಚಣಿಗೆ. ಗಂಡನ ಕರವಸ್ತ್ರದಲ್ಲಿ ಚಪ್ಪಟೆಯಾದೊಂದು ಕಲ್ಲು. ಮಹಾನುಭಾವ ಮನೆಯೊಳಗೆ ಏನಾದರೂ ಹುಡುಕುವಷ್ಟೂ ಶ್ರಮ ಪಟ್ಟಿರಲಿಲ್ಲ!

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ನೋಡಿದರು. ಮೊದಲು ಇಕ್ಕಳ ಕಿಸಕ್ಕೆಂದಳು. ಮರುಗಳಿಗೆ ಮೂವರೂ ಹಲಗೆಯ ಮೇಲೆ ಬಿದ್ದು, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದರು. ಹಿಂದೆ ಹೀಗೆ ನಕ್ಕಾಗಲೂ ಈ ಕಟ್ಟೆ ಹೀಗೆಯೇ ಕಿರುಗುಟ್ಟಿತ್ತು.

"ಅಂದ್ರೆ ಯಾರ ಫೋನೂ ಹೋಗಿಲ್ಲ!" ಉಶ್ಶಮ್ಮ ಕಣ್ಣೊರೆಸಿಕೊಂಡಳು.

"ಹೋಗಿಲ್ಲ" ಎಂದ ಗಂಡ. "ಅಂದಹಾಗೆ, ನಿನ್ನ ಫೋನು ಎಲ್ಲಿಟ್ಟಿದ್ದೀಯ?"

ಅವಳ ಕೈ ನಿಧಾನಕ್ಕೆ ಜೇಬಿಗಿಳಿಯಿತು. ಆ ಆಳವಾದ ಜೇಬಿನಿಂದ ಬೊಗಸೆ ನೀರು, ಒಂದು ಕಪ್ಪೆಚಿಪ್ಪು, ಕೊನೆಗೆ ಕಪ್ಪಗೆ ಕಣ್ಮುಚ್ಚಿದ ಫೋನು ಹೊರಬಂದವು.

ಅಷ್ಟರಲ್ಲಿ ಗಂಡನ ಅಂಗಿಯೊಳಗೆ ಟ್ರಿಣ್ ಟ್ರಿಣ್ ಎಂದಿತು. ಮಗಳು.

"ಅಪ್ಪಾ, ಅಮ್ಮನ ಫೋನ್ ಯಾಕೆ ಸ್ವಿಚ್ ಆಫ್?"

ಪಾಚಿ ಮೆತ್ತಿಕೊಂಡು ತೊಟ್ಟಿಕ್ಕುತ್ತ ನಿಂತಿದ್ದ ಹೆಂಡತಿಯನ್ನು ಅವನು ಗೌರವದಿಂದ ನೋಡಿದ.

"ನಿಮ್ಮಮ್ಮ ಆಡಿದ ಮಾತಿಗೆ ತಪ್ಪೋಳಲ್ಲ ಪುಟ್ಟಿ. ಇಲ್ಲಿ ಮಾತು ಉಳಿಸಿಕೊಂಡಿರೋದು ಅವಳೊಬ್ಬಳೇ!"