ಸೊಟ್ಟ ಬೇರಿಗೆ ಸೊಟ್ಟ ಅರ

ಹಮ್ಮು ಒಳ್ಳೆಯದಲ್ಲವೆಂದು ಹಿರಿಯರು ಹೇಳುತ್ತಾರೆ. ಹೇಳಿದವರಲ್ಲಿ ಯಾರೂ ಫಿಟ್ಟರ್ ಆಗಿರಲಿಲ್ಲವೆಂದು ಕಾಣುತ್ತದೆ. ಐವತ್ತರ ದಶಕದಲ್ಲಿ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ನಾನು ಫಿಟ್ಟರ್ ಆಗಿದ್ದೆ. ಸೊಟ್ಟಗಿದ್ದದ್ದು ಕಣ್ಣಿಗೆ ಬಿದ್ದರೆ ನೆಟ್ಟಗೆ ಮಾಡುವವರೆಗೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ನೆಂಟರ ಮನೆಗೆ ಹೋದರೂ ಬಾಗಿಲ ಚಿಲಕ, ಸೌಟಿನ ಹಿಡಿ ಯಾವುದನ್ನೂ ಬಿಟ್ಟವನಲ್ಲ. ಮಾವನವರ ಕನ್ನಡಕದ ಕಡ್ಡಿಯನ್ನೂ ನೆಟ್ಟಗೆ ಮಾಡಿದ್ದೆ. ಆಮೇಲೆ ಅದು ಕಿವಿಯ ಮೇಲೆ ನಿಲ್ಲಲಿಲ್ಲ, ಅದು ಬೇರೆ ಮಾತು.

ಅಂಥ ನನಗೆ ಒಮ್ಮೆ ದವಡೆ ಹಲ್ಲಿನ ನೋವು ಹತ್ತಿತು. ಬಡಾವಣೆಗೆ ಹೊಸದಾಗಿ ಬಂದಿದ್ದ ಹಲ್ಲಿನ ಡಾಕ್ಟರು ಎಕ್ಸ್‌ರೇ ತೆಗೆದು, "ಕೀಳೋದು ಬೇಡ. ಬೇರಿನೊಳಗಿನ ನಾಳ ಕೆರೆದು ಶುದ್ಧ ಮಾಡಿ ತುಂಬ್ತೀನಿ, ಹಲ್ಲು ಉಳಿಯುತ್ತೆ" ಎಂದರು. ಚಕ್ಕುಲಿ ಅಗಿಯಲು ನನಗೆ ಉಳಿದಿದ್ದುದು ಅದೊಂದೇ ಗಟ್ಟಿ ಹಲ್ಲು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಅವರು ಕೈ ತೊಳೆಯಲು ಒಳಗೆ ಹೋದರು. ಪಕ್ಕದ ತಟ್ಟೆಯಲ್ಲಿ ನಾಳ ಕೆರೆಯುವ, ಸೂಜಿಗಿಂತ ಸಣ್ಣ ಅರಗಳು. ಅರವೆಂದರೆ ನನಗೆ ಬಂಧುಬಳಗ! ನೋಡಿದರೆ ಮೂರಕ್ಕೂ ತುದಿ ಸೊಟ್ಟ. ಪಾಪ, ಓದಿದವರು, ಸಾಮಾನು ಇಟ್ಟುಕೊಳ್ಳಲು ಬರುವುದಿಲ್ಲವೆಂದು ಮರುಗಿ, ಅವರು ಬರುವಷ್ಟರಲ್ಲಿ ಮೂರನ್ನೂ ಉಗುರಿನಿಂದ ಒತ್ತಿ ನೆಟ್ಟಗೆ ಮಾಡಿಟ್ಟೆ.

"ಏನ್ರೀ ಇದು!" ಡಾಕ್ಟರು ಹೌಹಾರಿದರು.

"ನಾನೇ ಸಾರ್, ಸರಿ ಮಾಡ್ದೆ" ಎಂದೆ, ಎದೆಯುಬ್ಬಿಸಿ.

ಅವರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ನನ್ನ ಹಲ್ಲಿನ ಬೇರು ಕುಡುಗೋಲಿನ ಹಾಗೆ ಬಾಗಿತ್ತು. "ನೆಟ್ಟಗಿರೋ ಅರ ಈ ತಿರುವಲ್ಲಿ ತಿರುಗಲ್ಲ ಕಣ್ರೀ. ಗೋಡೆ ಕೊರೆದು ಅಲ್ಲೇ ಮೆಟ್ಟಿಲು ಮಾಡ್ಬಿಡುತ್ತೆ. ಆಮೇಲೆ ತುದಿಗೆ ದಾರೀನೇ ಇರಲ್ಲ, ಹಲ್ಲು ಕೀಳ್ಬೇಕು. ಅದಕ್ಕೇ ಬಗ್ಗಿಸಿಟ್ಟಿದ್ದೆ. ಈಗ ಇವನ್ನ ಮತ್ತೆ ಬಗ್ಗಿಸಿದ್ರೆ ಒಳಗೇ ಮುರಿಯುತ್ತೆ. ಹೊಸವು ಇನ್ನು ಮೂರೇ ಇರೋದು."

ಬಗ್ಗಿಸಿ ನೆಟ್ಟಗೆ ಮಾಡಿದ ಲೋಹ ದಣಿಯುತ್ತದೆಂಬುದು ನನಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ನಾಚಿಕೆಯಾಯಿತು. ಆದರೂ ಹಮ್ಮು ಬಿಡಬೇಕಲ್ಲ! "ನಾನೇ ಬಗ್ಗಿಸಿಕೊಡ್ತೀನಿ ಸಾರ್" ಎಂದು ಗೋಗರೆದೆ. ಎಕ್ಸ್‌ರೇ ನೋಡಿಕೊಂಡು, ಆ ಮೂರು ಹೊಸ ಅರಗಳನ್ನು ಎಲ್ಲೂ ಮಡಿಕೆ ಬೀಳದಂತೆ, ಬೆರಳಲ್ಲೇ ನಯವಾಗಿ ಬಾಗಿಸಿದೆ. ಡಾಕ್ಟರು ತಿರುಗಿಸಿ ಮುರುಗಿಸಿ ನೋಡಿ, "ನನಗೂ ಇಷ್ಟು ಚೆನ್ನಾಗಿ ಬರಲ್ಲ ಕಣ್ರೀ" ಎಂದರು. ಅರಗಳನ್ನು ಮತ್ತೆ ಕುದಿಸಿ ಕೆಲಸಕ್ಕಿಳಿದರು. ಅರ ತಿರುವು ದಾಟಿ ತುದಿ ಮುಟ್ಟಿತು. ಹಲ್ಲು ಉಳಿಯಿತು.

ಮನೆಗೆ ಬಂದವನೇ ನನ್ನ ಕೈಚಳಕದಿಂದ ಹಲ್ಲು ಉಳಿದ ಕಥೆಯನ್ನು ಹೆಂಡತಿಗೆ ಸವಿಸ್ತಾರವಾಗಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿ, "ಅಲ್ರೀ, ನೀವು ಕೈ ಕಟ್ಕೊಂಡು ಸುಮ್ನೆ ಕೂತಿದ್ರೂ ಉಳೀತಿತ್ತಲ್ವಾ?" ಎಂದಳು.

ನಾನು ದವಡೆ ಹಿಡಿದುಕೊಂಡು, ನೋವು ತಡೆಯಲಾಗುತ್ತಿಲ್ಲವೆಂದು ಮುಲುಗುತ್ತ ಒಳಗೆ ಹೋಗಿ ಮಲಗಿದೆ. ನೋವು ಡಾಕ್ಟರ ಕುರ್ಚಿಯಲ್ಲೇ ನಿಂತುಹೋಗಿತ್ತು.