ಇಸ್ಕೂಲಿಗೆ ಹೋದ ಹಂಡೆ

ಬನ್ನಿ, ಗೋಡೆಗೆ ಒರಗಿ ಕಾಲು ಚಾಚಿ ಕೂತ್ಕೊಳ್ಳಿ. ಒಲೆ ಮೇಲೆ ಕಾಫಿಗೆ ನೀರಿಟ್ಟಿದೀನಿ. ಅದು ಕಾಯೋದ್ರೊಳಗೆ ನಮ್ಮ ಸೊಸೆ ಪಾಠ ಹುಡುಕಿದ ಕಥೆ ಹೇಳ್ತೀನಿ, ಕೇಳಿ. ಇಂಥವು ನಮ್ಮನೇಲಿ ಆಗ್ತಾನೇ ಇರ್ತವೆ. ಒಂದು ಮುಗೀತು ಅಂತ ಬಾಗಿಲು ಹಾಕೋಕೆ ಹೋದರೆ ಇನ್ನೊಂದು ಜಗಲಿ ಮೇಲೆ ಕೂತಿರ್ತದೆ.

ಪುಸ್ತಕ ಇಲ್ಲದ ಇಸ್ಕೂಲು

ದೋಣಿಗಲ್ ಹತ್ತಿರ ಗುಡ್ಡದ ಮೇಲೆ ಒಂದು ಇಂಟರ್‌ನ್ಯಾಷನಲ್ ಇಸ್ಕೂಲು ಐತೆ. ಸೊಸೆ ಅಲ್ಲಿ ಆರನೇ ಕ್ಲಾಸಿಂದ ಎಂಟರವರೆಗೆ ಲೆಕ್ಕ ಹೇಳಿಕೊಡೋ ಟೀಚರಾಗಿ ಸೇರಿದಳು. ಮೊದಲ ದಿನ ಬರಿಗೈಲಿ ಬಂದಳು. ಪುಸ್ತಕ ಎಲ್ಲವ್ವ ಅಂದೆ. ಇಂಥದೇ ಪುಸ್ತಕ ಅಂತ ಆ ಪದ್ಧತೀಲಿ ಇಲ್ಲವಂತೆ. ಮಕ್ಕಳು ಏನು ಕಲೀಬೇಕು ಅಂತಷ್ಟೇ ಹೊರದೇಶದೋರು ಹೇಳ್ತಾರಂತೆ. ಯಾವುದನ್ನ ಇಟ್ಕೊಂಡು ಕಲಿಸೋದು ಅನ್ನೋದನ್ನ ಟೀಚರೇ ಹುಡುಕ್ಕೋಬೇಕಂತೆ. ಸಾರು ಆಗಬೇಕು ಅಂತ ಹೇಳಿ ಹೋಗ್ಬುಡ್ತಾರೆ, ಬೇಳೆ ನಾವು ಹುಡುಕ್ಕೋಬೇಕು.

"ಇದರಲ್ಲಿ ಹೊಸದೇನೈತೆ?" ಅಂದೆ. "ಪುಸ್ತಕ ಇಲ್ಲದ ಇಸ್ಕೂಲಿಗೆ ನಾನೂ ಹೋಗಿದ್ದೆ ಕಣವ್ವ. ಅಲ್ಲಿ ಮೇಷ್ಟ್ರೂ ಇರಲಿಲ್ಲ, ಇಸ್ಕೂಲೂ ಇರಲಿಲ್ಲ."

ಸೊಸೆ ನಗಲಿಲ್ಲ. ನಗೋ ಹಂಗೂ ಇರಲಿಲ್ಲ. ಹೊರದೇಶದೋರು ಬಂದು ನೋಡಿ, ಪಾಠದ ಸಾಮಾನು ಸರಿಯಾಗೈತೆ ಅಂದರೇನೇ ಇಸ್ಕೂಲಿಗೆ ಮಾನ್ಯತೆ, ಇವಳಿಗೆ ಖಾಯಂ ಕೆಲಸ. ಇಲ್ಲದಿದ್ದರೆ ಮತ್ತೆ ಹಾಸನದ ಹಳೇ ಕೆಲಸಕ್ಕೇ ಹೋಗಬೇಕು. ಅಲ್ಲಿದ್ದಾಗ ಮೊಮ್ಮಗಳು ಏಳೋ ಮುಂಚೆ ಬಸ್ಸು ಹತ್ತೋಳು, ಅವಳು ಮಲಗಿದ ಮೇಲೆ ಬರೋಳು. ಮಗೀಗೆ ತಾಯಿ ಕಾಣ್ತಿದ್ದದ್ದು ಭಾನುವಾರ ಮಾತ್ರ.

ಕಣದಲ್ಲಿ ಸಿಗ್ನಲ್

ಪಾಠ ಫೋನಲ್ಲಿ ಸಿಗ್ತದಂತೆ. ಆದರೆ ನಮ್ಮನೇಲಿ ಸಿಗ್ನಲ್ ಇಲ್ಲ. ಪಕ್ಕದ ಎಸ್ಟೇಟಿನಲ್ಲಿ ಕಾಫಿ ಒಣಗಿಸೋ ಕಣದಲ್ಲಿ ಐತೆ, ಅದೂ ಫೋನನ್ನ ತಲೆಗಿಂತ ಮೇಲೆ ಹಿಡಿದರೆ. ಸಂಜೆ ಸಂಜೆ ಸೊಸೆ ಕಣದ ಮಧ್ಯೆ ಕೈಯೆತ್ತಿ ನಿಂತ್ಕೊಳ್ಳೋಳು. ಹರಡಿದ ಕಾಫಿ ಒಣಗಲಿ ಅಂತ ಎಳೆದು ತಿರುವೋ ಆಳುಗಳು, ಈಯಮ್ಮ ನಮ್ಮನ್ನ ವಿಡಿಯೋದಲ್ಲಿ ಸಾಹುಕಾರರಿಗೆ ತೋರಿಸ್ತಾವಳೆ ಅಂದ್ಕೊಂಡು, ಎಲೆ ಅಡಿಕೆಗೂ ಕೂರದೆ ಎಳೆದರು.

ಒಂದಿನ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯೋ ರೈಟರ್ ನಮ್ಮ ಜಗಲಿಗೆ ಬಂದ. ನಿಮ್ಮ ಸೊಸೆಗೆ ಪಾಠ ಸಿಕ್ತೇನಜ್ಜಿ ಅಂತ ಕೇಳಿದ. ಇನ್ನೂ ಇಲ್ಲ ಕಣಪ್ಪ ಅಂದೆ.

"ನಿಧಾನಕ್ಕೆ ಸಿಗಲಿ ಬಿಡಿ," ಅಂದ. "ಇನ್ನೂ ಎರಡು ಕಣದ ಕಾಫಿ ಒಣಗೋದೈತೆ."

ಹಿಮದ ಲೆಕ್ಕ

ಕಡೆಗೆ ಅಳತೆಯ ಪಾಠ ಒಂದು ಸಿಕ್ತು. ಸೊಸೆ ಅವಸರದಲ್ಲಿ ಪೂರ್ತಿ ಓದದೆ ಅದನ್ನೇ ಮಕ್ಕಳಿಗೆ ಹಂಚಿಬುಟ್ಟಳು. ನಿಮ್ಮ ಮನೆ ಅಂಗಳದಲ್ಲಿ ಎಷ್ಟು ಹಿಮ ಬಿದ್ದೈತೆ, ಅಳೆದು ಬನ್ನಿ ಅಂತ ಅದರಲ್ಲಿತ್ತು.

ಮಾರನೇ ದಿನ ಎಷ್ಟೆಷ್ಟು ಅಳೆದ್ರಿ ಅಂತ ಸೊಸೆ ಕೇಳಿದಳು. ಬೆಳಗೋಡಿನ ಕಡೆ ಹುಡುಗಿ ಒಬ್ಬಳು ಎದ್ದು ನಿಂತಳು. ಅವರಪ್ಪಂದು ಕಾಫಿ ತೋಟ. ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಡೋ ಮನುಷ್ಯ.

"ಇನ್ನೂ ಬಿದ್ದಿಲ್ಲ ಮಿಸ್," ಅಂದಳು. "ಅಪ್ಪ ಮಳೆ ಅಳೆಯೋ ಡಬ್ಬ ತೊಳೆದು ಅಂಗಳದಲ್ಲಿ ಇಟ್ಟವ್ರೆ. ಬಿದ್ದ ತಕ್ಷಣ ಫೋನ್ ಮಾಡ್ತಾರಂತೆ."

ಬರಿ ಸೇರು

ಫೋನಿನ ಸಹವಾಸ ಸಾಕು, ಅಳೆಯೋಕೆ ನಮ್ಮ ಮನೆಗಳಲ್ಲೇ ಬೇಕಾದಷ್ಟೈತೆ ಅಂದ್ಕೊಂಡು ಸೊಸೆ ಊರೊಳಗೆ ಪಾವು, ಸೇರು, ಬಳ್ಳ, ಕೊಳಗ ಎಲ್ಲ ಕೇಳಿ ತಗೊಂಡು ಹೋದಳು. ಮಕ್ಕಳು ಭತ್ತ ಅಳೆದು ಲೆಕ್ಕ ಕಲಿತರು. ಅಲ್ಲೀಗಂಟ ಚೆನ್ನಾಗೇ ಆಯ್ತು.

ಇಸ್ಕೂಲಿನ ಪ್ರಿನ್ಸಿಪಾಲರು ಮಂಗಳೂರು ಕಡೆಯಿಂದ ಬಂದ ಮನೆತನದೋರು, ಭಾಳ ಶುದ್ಧದ ಮನುಷ್ಯ. ಎಲ್ಲಾನೂ ಸೋಪು ಹಾಕಿ ತೊಳೆಸಿ, ಒರೆಸಿ, ಪಳಪಳ ಹೊಳೆಯೋ ಹಂಗೆ ಜೀಪಿನಲ್ಲಿ ವಾಪಸ್ ಕಳಿಸಿದರು. ಬರಿದು.

ನಮ್ಮಲ್ಲಿ ಕೊಟ್ಟ ಪಾತ್ರೆ ಬರಿದಾಗಿ ಮನೆಗೆ ಬರಬಾರದು. ಒಂದು ಹಿಡಿ ಅಕ್ಕಿ, ನಾಕು ಮೆಣಸಿನಕಾಯಿ, ಏನೂ ಇಲ್ಲದಿದ್ದರೆ ಚೂರು ಬೆಲ್ಲವಾದರೂ ಒಳಗಿರಬೇಕು. ಊರು ಜಗಳ ಆಡಲಿಲ್ಲ, ಸುಮ್ಮನಾಗ್ಬುಟ್ಟಿತು. ಹೊರದೇಶದೋರು ಬರೋ ಹೊತ್ತಿಗೆ ಸೊಸೆ ಮತ್ತೆ ಕೇಳೋಕೆ ಹೋದಳು. ಒಬ್ಬರ ಸೇರು ತೂತಾಗಿತ್ತು, ಒಬ್ಬರ ಕೊಳಗ ಅಟ್ಟ ಹತ್ತಿತ್ತು. ಇನ್ನೊಬ್ಬಳು, ನಮ್ಮ ಬಳ್ಳ ತೌರಿಗೆ ಹೋಗೈತೆ, ಯಾವಾಗ ಬರ್ತದೋ ಹೇಳಿಲ್ಲ ಅಂದಳು.

ಹಂಡೆ

ಆವತ್ತು ಸೊಸೆ ಊಟ ಮಾಡಲಿಲ್ಲ. ನಾನು ಸೆರಗು ಬಿಗಿದು ಮನೆಮನೆಗೂ ಹೋದೆ. ಈ ಸಲ ಪಾತ್ರೆ ತುಂಬ್ಕೊಂಡೇ ವಾಪಸ್ ಬರ್ತದೆ, ಅದಕ್ಕೆ ನಾನು ಹೊಣೆ ಅಂದೆ. ಪ್ರಿನ್ಸಿಪಾಲರನ್ನ ಮಾತ್ರ ಕೇಳಿರಲಿಲ್ಲ.

ಬೆಳಗಾಗೋದ್ರೊಳಗೆ ನಮ್ಮ ಅಂಗಳ ತುಂಬಿತು. ತೌರಿಗೆ ಹೋಗಿದ್ದ ಬಳ್ಳವೂ ಬಂದಿತ್ತು. ಆದರೆ ಈ ಸಲ ಪಾವಿನಂಥ ಸಣ್ಣ ಪಾತ್ರೆ ಯಾರೂ ಕೊಟ್ಟಿರಲಿಲ್ಲ. ಮಿಕ್ಕಿದ್ದೆಲ್ಲ ದೊಡ್ಡ ದೊಡ್ಡ ಕೊಳಗ, ಕೊಪ್ಪರಿಗೆ, ಹಾಲಿನ ಕ್ಯಾನು. ಮೇಲ್ಮನೆ ಅಕ್ಕ ಬಚ್ಚಲಿನ ತಾಮ್ರದ ಹಂಡೇನೇ ಕಿತ್ತು, ಇಬ್ಬರು ಆಳುಗಳ ಕೈಲಿ ಹೊರಿಸಿ ಕಳಿಸಿದ್ದಳು.

ನೋಡೋಕೆ ಬಂದ ಹೊರದೇಶದ ಹೆಂಗಸು ಹಂಡೇನ ಒಂದು ಸುತ್ತು ಹಾಕಿ, ಇದರಿಂದ ಏನು ಕಲಿತೆ ಅಂತ ಆ ಬೆಳಗೋಡಿನ ಹುಡುಗೀನ ಕೇಳಿದಳಂತೆ.

"ಪಾತ್ರೆ ಕೊಟ್ಟರೆ ತುಂಬಿ ವಾಪಸ್ ಕೊಡಬೇಕು," ಅಂದಳಂತೆ ಹುಡುಗಿ. "ಹಂಗಾಗಿ ಪಾತ್ರೆ ಅಳೆದರೆ ಯಾರಿಗೆ ಎಷ್ಟು ಆಸೆ ಅಂತ ಗೊತ್ತಾಗ್ತದೆ."

ಆ ಹೆಂಗಸು ನಗಲಿಲ್ಲ. ಇಂಥ ಸಾಮಾನು ಯಾವ ಇಸ್ಕೂಲಲ್ಲೂ ನೋಡಿಲ್ಲ ಅಂತ ಬರ್ಕೊಂಡು ಹೋದಳು. ಮಾನ್ಯತೆ ಸಿಕ್ತು.

ಆಮೇಲೆ ತುಂಬಿ ಕೊಡೋ ಪಾಳಿ. ನಾನು ಊರಿಗೆ ಕೊಟ್ಟ ಮಾತನ್ನ ಸೊಸೆ ಇಸ್ಕೂಲಿಗೆ ಮುಟ್ಟಿಸಿದಳು. ಬಳ್ಳಕ್ಕೆ ಪ್ರಿನ್ಸಿಪಾಲರು ಅಕ್ಕಿ ಹಾಕಿಸಿದರು, ಕೊಳಗಕ್ಕೆ ಬಾಳೆಹಣ್ಣು. ಹಂಡೆ ಮುಂದೆ ನಿಂತು ಬಹಳ ಹೊತ್ತು ಗಡ್ಡ ಕೆರ್ಕೊಂಡರು. ಹಂಡೆ ಇರೋದು ನೀರಿಗೆ ಅಲ್ಲವಾ ಅಂತ ನೀರು ತುಂಬಿಸಿ ಜೀಪು ಹತ್ತಿಸಿದರು. ಘಾಟಿ ತಿರುವಿನಲ್ಲಿ ಕುಲುಕಿ ಕುಲುಕಿ ಅರ್ಧ ರಸ್ತೆ ಪಾಲಾಯ್ತು.

ಮೇಲ್ಮನೆ ಅಕ್ಕ ಬಗ್ಗಿ ನೋಡಿದಳು. ನೀರು ಅನ್ನೋದಕ್ಕೆ ಚಕಾರ ಎತ್ತಲಿಲ್ಲ.

"ಅರ್ಧ ಮಾತ್ರ ಐತಲ್ಲ ತಂಗಿ?" ಅಂದಳು.

ಈಗ ಎಲ್ಲಾರೂ ಚೆನ್ನಾಗವ್ರೆ. ಸೊಸೆ ಕೆಲಸ ಖಾಯಂ ಆಯ್ತು. ದೀಪ ಹಚ್ಚೋ ಮುಂಚೆ ಮನೇಲಿರ್ತಾಳೆ, ಮೊಮ್ಮಗಳು ಅವಳ ಕೈ ತುತ್ತು ಬಿಟ್ಟು ನನ್ನ ಕೈದು ತಿನ್ನಲ್ಲ. ರೈಟರ್ ಪ್ರತಿ ಕಾಫಿ ಕುಯ್ಲಿಗೂ ಬಂದು, ಹುಡುಕೋ ಪಾಠ ಏನಾದರೂ ಉಳಿದೈತಾ ಅಂತ ವಿಚಾರಿಸಿ ಹೋಗ್ತಾನೆ. ಬೆಳಗೋಡಿನ ಹುಡುಗಿ ಹೈಸ್ಕೂಲು ಸೇರಿದಳು, ಹಿಮದ ಲೆಕ್ಕ ಮಾತ್ರ ಇನ್ನೂ ಬಾಕಿ. ಪ್ರಿನ್ಸಿಪಾಲರು ಈಗ ಟೀ ಲೋಟಾನೂ ಬರಿದು ವಾಪಸ್ ಕೊಡಲ್ಲ, ತಳದಲ್ಲಿ ಒಂದು ಗುಟುಕು ಬಿಡ್ತಾರೆ.

ಮೇಲ್ಮನೆ ಅಕ್ಕ ಇಸ್ಕೂಲಿನ ಜೀಪು ಕಂಡಾಗೆಲ್ಲ ಅಡ್ಡ ನಿಂತು, ಉಳಿದರ್ಧ ಯಾವಾಗ ತರ್ತೀರಿ ಅಂತ ಕೇಳ್ತಾಳೆ.